ಗೋಕರ್ಣಕ್ಕೆ ಒಬ್ಬರೇ ಹೋದರೆ: ಊಟ, ಏಕಾಂತ ಮತ್ತು ಕೆಲವು ತಪ್ಪು ಕಲ್ಪನೆಗಳು

ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ. ಈ ಎರಡು ಹೊಳೆಗಳ ಅಳಿವೆಗಳ ನಡುವೆ ಗೋಕರ್ಣವಿದೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿಗೆ ಸೇರಿದ ಈ ಊರಿನ ಒಂದು ಮುಖ ಮಹಾಬಲೇಶ್ವರ ದೇವಸ್ಥಾನ, ಕೋಟಿತೀರ್ಥ ಮತ್ತು ರಥಬೀದಿ. ಇನ್ನೊಂದು ಮುಖ ಕಡಲು: ಪೇಟೆಗೆ ತಾಗಿಕೊಂಡೇ ಇರುವ ಉದ್ದನೆಯ ಮರಳದಂಡೆ, ಅದರ ದಕ್ಷಿಣಕ್ಕೆ ಗುಡ್ಡಗಳ ಮರೆಯಲ್ಲಿ ಒಂದರ ಹಿಂದೊಂದರಂತೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳು. ಇಲ್ಲಿಗೆ ಒಬ್ಬರೇ ಬರುವವರ ಸಂಖ್ಯೆ ದೊಡ್ಡದು. ಅವರು ಹೊತ್ತು ತರುವ ತಪ್ಪು ತಿಳಿವಳಿಕೆಗಳೂ ಕಡಿಮೆಯಿಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ಮೂಲ ಒಂದೇ: ಒಳ್ಳೆಯ ಊಟ, ಒಳ್ಳೆಯ ಏಕಾಂತ ಯಾವುದೋ ಒಂದು ಜಾಗದಲ್ಲಿವೆ, ಆ ಜಾಗ ಹುಡುಕಿದರೆ ಸಾಕು ಎಂಬ ಎಣಿಕೆ. ಗೋಕರ್ಣದಲ್ಲಿ ಜಾಗಕ್ಕಿಂತ ಹೊತ್ತು ಮುಖ್ಯ.

“ಒಬ್ಬರೇ ತಿರುಗುವುದು ಈಚಿನ ಶೋಕಿ”

ಕ್ಷೇತ್ರಕ್ಕೆ ಒಬ್ಬರೇ ಬರುವುದು ಇಲ್ಲಿ ಹೊಸತೇನಲ್ಲ. ಕಾಳಿದಾಸನ ‘ರಘುವಂಶ’ದ ಎಂಟನೆಯ ಸರ್ಗದಲ್ಲಿ ನಾರದ ದಕ್ಷಿಣ ಸಮುದ್ರದ ದಡದಲ್ಲಿರುವ ಗೋಕರ್ಣೇಶ್ವರನಿಗೆ ವೀಣೆ ಕೇಳಿಸಲು ಹೊರಟಿರುತ್ತಾನೆ. ದಾರಿಯಲ್ಲಿ ಅವನ ವೀಣೆಯಿಂದ ಜಾರಿದ ಹೂಮಾಲೆಯೇ ಇಂದುಮತಿಯ ಸಾವಿಗೆ ಕಾರಣವಾಗುತ್ತದೆ. ಸಾಧುಗಳು, ಹರಕೆ ಹೊತ್ತವರು, ಅಪರಕರ್ಮಕ್ಕೆ ಬಂದವರು ಒಬ್ಬೊಬ್ಬರೇ ಬಂದು ಹೋಗುವುದನ್ನು ಊರು ತಲೆತಲಾಂತರದಿಂದ ಕಂಡಿದೆ. ಬೆನ್ನಿಗೆ ಚೀಲ ಹಾಕಿಕೊಂಡ ವಿದೇಶಿಯರು ಬಂದದ್ದು ತೀರ ಈಚೆಗೆ. ಗೋವಾದ ಗದ್ದಲ ಸಾಕಾಗಿ ಇತ್ತ ಮುಖ ಮಾಡಿದವರು ಅವರಲ್ಲಿ ಬಹಳ.

“ಒಬ್ಬರೇ ಕೂತು ಉಣ್ಣುವುದು ಮುಜುಗರ”

ಈ ಅಳುಕು ನಾಲ್ಕು ಜನರ ಮೇಜು, ಹಂಚಿಕೊಂಡು ತಿನ್ನುವ ಬಟ್ಟಲುಗಳು ಇರುವ ನಗರದ ರೆಸ್ಟೋರೆಂಟುಗಳಿಂದ ಬಂದದ್ದು. ಕರಾವಳಿಯ ಊಟದ ಹೋಟೆಲಿನ ಲೆಕ್ಕವೇ ಬೇರೆ. ಅಲ್ಲಿ ಊಟವೆಂದರೆ ಒಂದು ತಟ್ಟೆ, ಒಬ್ಬ ಮನುಷ್ಯ. ಅನ್ನ, ಸಾರು, ಪಲ್ಯ, ಹುಳಿ, ಮಜ್ಜಿಗೆ ಎಲ್ಲವೂ ಒಬ್ಬರ ಅಳತೆಗೇ ಬರುತ್ತವೆ, ಅನ್ನ ಸಾರನ್ನು ಕೇಳಿದರೆ ಮತ್ತೆ ಬಡಿಸುತ್ತಾರೆ. ಜನ ಹೆಚ್ಚಿದ್ದಾಗ ಗುರುತಿಲ್ಲದವರ ಎದುರು ಕೂರಿಸುತ್ತಾರೆ. ಅದನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ. ದೇವಸ್ಥಾನದ ಪ್ರಸಾದ ಭೋಜನದ ಪಂಕ್ತಿಯಲ್ಲಂತೂ ಯಾರು ಯಾರ ಜೊತೆ ಬಂದರು ಎಂದು ಕೇಳುವವರೇ ಇಲ್ಲ.

ಒಂಟಿ ಊಟಗಾರನಿಗೆ ನಿಜವಾಗಿ ತೊಡಕಾಗುವುದು ಇಡೀ ಮೀನು. ಇಶ್ವಾಣವನ್ನು ಹೋಳಿನ ಲೆಕ್ಕದಲ್ಲಿ ಕೊಡುತ್ತಾರೆ, ಬಂಗಡೆಯನ್ನು ಒಂದೆರಡು ಎಣಿಸಿ ತಟ್ಟೆಗೆ ಹಾಕುತ್ತಾರೆ. ಆದರೆ ಕೆಲವು ಬೀಚ್ ರೆಸ್ಟೋರೆಂಟುಗಳಲ್ಲಿ ದೊಡ್ಡ ಮೀನನ್ನು ತೂಕದ ಮೇಲೆ ಮಾರುತ್ತಾರೆ. ಮೀನು ಆರಿಸುವಾಗಲೇ ತೂಗಿಸಿ ದರ ಕೇಳದಿದ್ದರೆ ಮೂರು ಜನರ ಮೀನು, ಮೂರು ಜನರ ಬಿಲ್ಲು ಒಬ್ಬರ ಮುಂದೆ ಬಂದು ಕೂರುತ್ತವೆ. ಮೀನೂಟದ ತಟ್ಟೆಗೆ ಈ ಗೊಡವೆಯಿಲ್ಲ.

ಇನ್ನು ಹೊತ್ತಿನ ಮಾತು. ಸಣ್ಣ ಊರಿನ ಹೋಟೆಲು ಗಿರಾಕಿಗೆ ಕಾಯುವುದಿಲ್ಲ, ಒಲೆಗೆ ತಕ್ಕಂತೆ ನಡೆಯುತ್ತದೆ. ಬೆಳಗಿನ ಬನ್ಸ್, ಅವಲಕ್ಕಿ, ದೋಸೆ ಹೊತ್ತೇರುವ ಮೊದಲೇ ಮುಗಿದಿರುತ್ತವೆ. ಮಧ್ಯಾಹ್ನದ ಒಳ್ಳೆಯ ಮೀನು ಮೊದಲು ಬಂದವರ ತಟ್ಟೆ ಸೇರುತ್ತದೆ. ಮೂರು ಗಂಟೆಗೆ ಬಂದು “ಇಲ್ಲಿ ಏನೂ ಸಿಗುವುದಿಲ್ಲ” ಎಂದು ಗೊಣಗುವವರು ತಪ್ಪಿಸಿಕೊಂಡದ್ದು ಊಟದ ಹೊತ್ತನ್ನು.

“ಬೀಚಿನ ಮೆನುವಿನಲ್ಲಿ ಇರುವುದೇ ಇಲ್ಲಿನ ಅಡುಗೆ”

ಕುಡ್ಲೆ, ಓಂ ಬೀಚುಗಳ ಗುಡಿಸಲು ಹೋಟೆಲುಗಳ ಮೆನುವಿನಲ್ಲಿ ಪಾಸ್ತಾ, ಪ್ಯಾನ್‌ಕೇಕ್, ಹಮ್ಮಸ್, ಶಕ್ಷುಕಾ, ಮೊಮೊ ಎಲ್ಲ ಇರುತ್ತವೆ. ಅವು ಕೆಟ್ಟ ತಿನಿಸುಗಳೆಂದಲ್ಲ. ಆದರೆ ಇದೇ ಪಟ್ಟಿ ಗೋವಾದಲ್ಲೂ ಇದೆ, ಹಿಮಾಚಲದ ಬೆಟ್ಟದ ಊರುಗಳಲ್ಲೂ ಇದೆ. ಗೋಕರ್ಣದ ಸುತ್ತಲಿನ ಅಡುಗೆ ಅದರಲ್ಲಿ ಇಲ್ಲವೇ ಇಲ್ಲ ಎನ್ನಬಹುದು.

ಆ ಅಡುಗೆಯಲ್ಲಿ ಒಂದಲ್ಲ, ಹಲವು ಬಗೆಗಳಿವೆ. ಘಟ್ಟದ ಕಡೆಯ ಹವ್ಯಕರ ಅಡುಗೆಯಿಂದ ಬಂದದ್ದು ತಂಬುಳಿ. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಡನೆ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಕಲಸುತ್ತಾರೆ, ಆಮೇಲೆ ಕುದಿಸುವುದಿಲ್ಲ. ಅಪ್ಪೆಹುಳಿ ಇನ್ನೂ ಸರಳ. ಘಮವಿರುವ ಅಪ್ಪೆ ಮಾವಿನಕಾಯಿಯನ್ನು ಬೇಯಿಸಿ ಕಿವುಚಿ, ನೀರು, ಉಪ್ಪು, ಹಸಿಮೆಣಸು ಸೇರಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಅನ್ನಕ್ಕೆ ಕಲಸಿಕೊಂಡು ಉಳಿದದ್ದನ್ನು ಲೋಟದಲ್ಲಿ ಕುಡಿಯುತ್ತಾರೆ. ಕಡಲಂಚಿನ ಮನೆಗಳ ಮೀನುಸಾರಿನಲ್ಲಿ ಗುರುತು ಹಿಡಿಯಬೇಕಾದದ್ದು ಜುಮ್ಮನಕಾಯಿ. ಕಾಳುಮೆಣಸಿಗಿಂತ ತುಸು ದೊಡ್ಡದಾಗಿ, ಒಣಗಿ ಬಾಯಿಬಿಟ್ಟ ಈ ಕಾಯಿಯನ್ನು ತಾರ್ಲೆ, ಬಂಗಡೆಯ ಸಾರಿಗೆ ಜಜ್ಜಿ ಹಾಕುತ್ತಾರೆ. ಕಚ್ಚಿದರೆ ನಾಲಗೆ ಜುಮ್ಮೆನ್ನುತ್ತದೆ. ಮೊದಲ ಸಲ ತಿಂದವರು ಸಾರು ಕೆಟ್ಟಿದೆಯೆಂದು ತಿಳಿದು ಬಿಟ್ಟೆದ್ದರೆ ನಷ್ಟ ಅವರದೇ. ಹುಳಿಗೆ ಮುರುಗಲು ಇರುತ್ತದೆ, ಅದೇ ಹಣ್ಣಿನ ಕಡುಗೆಂಪು ಪಾನಕ ಬೇಸಿಗೆಯಲ್ಲಿ ಅಂಗಡಿಗಳಲ್ಲೂ ಸಿಗುತ್ತದೆ.

ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಎಂಬ ಭತ್ತ ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ. ಅದರ ಕೆಂಪಕ್ಕಿಯ ಗಂಜಿ ಹೋಟೆಲುಗಳಲ್ಲಿ ಅಪರೂಪ, ಮನೆಯೂಟ ಹಾಕುವ ಹೋಂಸ್ಟೇಗಳಲ್ಲಿ ವಿಚಾರಿಸಿ ನೋಡಬೇಕು. ಬೇಸಿಗೆಯಲ್ಲಿ ಕುಮಟಾ ಸುತ್ತಿನ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಕಾಣುತ್ತದೆ. ಮಾವಿನ ಕಾಲದಲ್ಲಿ ಅಂಕೋಲಾದ ಕರಿ ಇಶಾಡು ಬರುತ್ತದೆ, ಅದಕ್ಕೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ಇವನ್ನು ಹುಡುಕುವವರು ಬೀಚು ಬಿಟ್ಟು ಪೇಟೆಗೆ ಬರಬೇಕು. ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಹೆಚ್ಚಾಗಿ ಸಸ್ಯಾಹಾರಿ ಹೋಟೆಲುಗಳೇ. ಮೀನೂಟಕ್ಕೆ ಅಲ್ಲಿಂದ ತುಸು ಆಚೆ ಹೋಗಬೇಕಾಗುತ್ತದೆ.

“ಕಡಲೂರಿನಲ್ಲಿ ವರ್ಷವಿಡೀ ತಾಜಾ ಮೀನು”

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಬಹಳಷ್ಟು ಮೀನುಗಳು ಮೊಟ್ಟೆಯಿಡುವ ಕಾಲವದು, ಕಡಲೂ ಆಗ ಒರಟು. ಸಾಂಪ್ರದಾಯಿಕ ದೋಣಿಗಳಿಗೆ ವಿನಾಯಿತಿಯಿದೆಯಾದರೂ ಅಲೆ ಬಿಟ್ಟ ದಿನವಷ್ಟೇ ಅವು ಇಳಿಯುತ್ತವೆ. ಆ ಎರಡು ತಿಂಗಳು ಮೆನುವಿನಲ್ಲಿ ಟ್ಯೂನಾ, ಕಲಮಾರಿ, ಇಶ್ವಾಣ ಎಲ್ಲವೂ ಇವೆಯೆಂದರೆ ಅವು ಬಹುಪಾಲು ಶೀತಲೀಕರಣದಲ್ಲಿ ಇಟ್ಟವು, ಇಲ್ಲವೇ ದೂರದ ಮಾರುಕಟ್ಟೆಯಿಂದ ಬಂದವು. ಹಾಗೆಂದು ಮಳೆಗಾಲದಲ್ಲಿ ಮೀನೇ ತಿನ್ನಬಾರದು ಎಂಬ ಇನ್ನೊಂದು ಮಾತೂ ಸರಿಯಲ್ಲ. ಹೊಳೆಮೀನು, ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು ಊರವರ ಮಳೆಗಾಲದ ಊಟವೇ ಆಗಿವೆ.

ತಾಜಾತನ ತಿಳಿಯಲು ಬೋರ್ಡು ಓದಬೇಕಿಲ್ಲ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಮಾಂಸ ಕೂಡಲೇ ಮೇಲೇಳಬೇಕು. ಹೋಟೆಲಿನಲ್ಲಿ ಕೇಳಬೇಕಾದ ಪ್ರಶ್ನೆಯೂ ಒಂದೇ: “ಇವತ್ತು ಯಾವ ಮೀನು ಬಂದಿದೆ?” ಎರಡು ಹೆಸರು ಹೇಳುವ ಹೋಟೆಲು, ಇಪ್ಪತ್ತು ಹೆಸರು ಹೇಳುವ ಹೋಟೆಲಿಗಿಂತ ನಂಬಲರ್ಹ.

“ದೂರ ಹೋದಷ್ಟೂ ಏಕಾಂತ”

ಪ್ಯಾರಡೈಸ್ ಬೀಚು ಕೊನೆಯದು, ಆದ್ದರಿಂದ ನಿರ್ಜನ ಎಂಬುದು ಗೋಕರ್ಣದ ಬಗ್ಗೆ ಹೆಚ್ಚು ಕೇಳಿಬರುವ ಮಾತು. ಗುಡ್ಡದ ಕಾಲುದಾರಿ ಹಿಡಿದು ಬರುವವರಿಗೆ ಅದು ಕೊನೆಯದು ನಿಜ. ಆದರೆ ಬೆಲೇಕಾನದ ಕಡೆಯಿಂದ ಸ್ವಲ್ಪವೇ ನಡೆದರೆ ಅಲ್ಲಿಗೆ ತಲುಪಬಹುದು, ಮಳೆಗಾಲ ಬಿಟ್ಟರೆ ದೋಣಿಯೂ ಹೋಗುತ್ತದೆ. ವಾರಾಂತ್ಯದಲ್ಲಿ ಚಾರಣದ ತಂಡಗಳು ಗುರಿಯಿಡುವುದೂ ಅದಕ್ಕೇ. ಓಂ ಬೀಚಿನ ನೆತ್ತಿಯವರೆಗೆ ರಸ್ತೆ ಇರುವುದರಿಂದ ಅದು ಸದಾ ಗಿಜಿಗುಡುತ್ತದೆ. ಎರಡು ಅರ್ಧಚಂದ್ರಗಳ ನಡುವೆ ಬಂಡೆ ಚಾಚಿಕೊಂಡ ಅದರ ಆಕಾರ ತಿಳಿಯುವುದು ಮೇಲಿನಿಂದ ನೋಡಿದಾಗ ಮಾತ್ರ, ಅದಕ್ಕೆ ಕೆಳಗೆ ಇಳಿಯಲೇಬೇಕೆಂದಿಲ್ಲ.

ಬೆಂಗಳೂರಿನ ರಾತ್ರಿ ಬಸ್ಸುಗಳು ಶನಿವಾರ ಬೆಳಿಗ್ಗೆ ಜನರನ್ನು ಇಳಿಸಿ, ಭಾನುವಾರ ಸಂಜೆ ಹೊತ್ತೊಯ್ಯುತ್ತವೆ. ಸೋಮವಾರದಿಂದ ಗುರುವಾರದವರೆಗೆ ಅದೇ ಕುಡ್ಲೆ ಬೀಚು ಬೇರೆಯೇ ಊರಿನಂತಿರುತ್ತದೆ. ಬೆಳಗಿನ ಒಂಬತ್ತರ ಮೊದಲು ಯಾವ ಬೀಚಿನಲ್ಲೂ ಸದ್ದಿಲ್ಲ. ಸೂರ್ಯಾಸ್ತಕ್ಕೆ ಎಲ್ಲೆಲ್ಲೂ ಜನ, ಏಕೆಂದರೆ ಪಶ್ಚಿಮಕ್ಕೆ ಮುಖಮಾಡಿದ ದಂಡೆಯಲ್ಲಿ ಎಲ್ಲರೂ ಬಯಸುವುದು ಅದನ್ನೇ. ಮಹಾಶಿವರಾತ್ರಿ ಮತ್ತು ಅದರ ಬೆನ್ನಿಗೇ ಬರುವ ರಥೋತ್ಸವದ ದಿನಗಳಲ್ಲಿ ಮೌನ ಹುಡುಕುವುದು ವ್ಯರ್ಥ. ಆಗ ಬಂದವರು ಜಾತ್ರೆಯನ್ನೇ ನೋಡುವುದು ಲೇಸು.

ಎಲ್ಲರೂ ಕಡೆಗಣಿಸುವ ನಿಶ್ಶಬ್ದ ಜಾಗ ಪೇಟೆಯ ಎದುರಿಗೇ ಇದೆ. ದೊಡ್ಡ ಬೀಚಿನಲ್ಲಿ ದೇವಸ್ಥಾನದ ನೇರಕ್ಕಷ್ಟೇ ಗದ್ದಲ. ಅಲ್ಲಿಂದ ಉತ್ತರಕ್ಕೆ, ಗಂಗಾವಳಿಯ ಕಡೆಗೆ, ದಂಡೆ ಕಿಲೋಮೀಟರುಗಟ್ಟಲೆ ಚಾಚಿದೆ. ಅರ್ಧ ಗಂಟೆ ನಡೆದರೆ ಎಳೆದಿಟ್ಟ ದೋಣಿಗಳು, ಬಲೆ ಬಿಡಿಸುವವರು, ಗಾಳಿಮರಗಳು, ಅಷ್ಟೇ.

ಏಕಾಂತವೆಂದರೆ ಬೀಚೇ ಆಗಬೇಕೆಂಬುದೂ ಒಂದು ಭ್ರಮೆ. ಊರಿಗೆ ಸಮೀಪದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಮಳೆ ಮುಗಿದು ಬಿಸಿಲು ಬಲಿತ ಮೇಲೆ ಪಾತಿಗಳಿಗೆ ಅಳಿವೆಯ ನೀರು ಹಾಯಿಸಿ, ಬಿಸಿಲಿಗೆ ಬಿಟ್ಟು, ಉಪ್ಪು ಎಳೆದು ರಾಶಿ ಹಾಕುತ್ತಾರೆ. ಬದುಗಳ ಮೇಲೆ ಕೊಕ್ಕರೆ, ಉಲ್ಲಂಕಿಗಳ ಹಿಂಡು. ಅದು ಜನ ದುಡಿಯುವ ಜಾಗ, ಕೇಳಿಯೇ ಬದುವಿನ ಮೇಲೆ ಕಾಲಿಡುವುದು ಮರ್ಯಾದೆ. ತದಡಿಯಿಂದ ದೋಣಿ ಹತ್ತಿದರೆ ಆಚೆ ದಡದ ಅಘನಾಶಿನಿ ಎಂಬ ಹಳ್ಳಿ ಸಿಗುತ್ತದೆ. ಇಳಿತದ ಹೊತ್ತಿಗೆ ಅಳಿವೆಯ ಕೆಸರಿನಲ್ಲಿ ಊರವರು ಬಳಚು ಎಂಬ ಚಿಪ್ಪುಮೀನು ಹೆಕ್ಕುವುದು ಕಾಣುತ್ತದೆ. ಈ ಅಳಿವೆ 2024ರಲ್ಲಿ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು.

“ಅಲೆಯಿಲ್ಲದ ಕಡೆ ನೀರಿಗಿಳಿಯಬಹುದು”

ಈ ಪಟ್ಟಿಯಲ್ಲಿ ಜೀವಕ್ಕೆ ಕುತ್ತು ತರುವ ನಂಬಿಕೆ ಇದೊಂದೇ. ದಡಕ್ಕೆ ಬಡಿದ ಅಲೆಗಳ ನೀರು ಮತ್ತೆ ಕಡಲಿಗೆ ಹೋಗಲು ದಾರಿ ಬೇಕು. ಮರಳದಿಬ್ಬಗಳ ನಡುವಿನ ಆಳದ ಕಂಡಿಯಲ್ಲಿ, ಬಂಡೆಗಳ ಪಕ್ಕದಲ್ಲಿ ಅದು ಒಟ್ಟಾಗಿ ಹಿಂದಕ್ಕೆ ನುಗ್ಗುತ್ತದೆ. ಆ ಸೆಳೆತವಿರುವಲ್ಲಿ ಅಲೆ ಒಡೆಯುವುದಿಲ್ಲ. ಎರಡೂ ಬದಿ ಬಿಳಿನೊರೆ, ನಡುವೆ ಕಪ್ಪಗೆ ನಯವಾಗಿ ಕಾಣುವ ಪಟ್ಟೆಯೇ ಅದು. ಈಜು ಬಾರದವರು ಶಾಂತವಾಗಿದೆಯೆಂದು ಇಳಿಯುವುದು ಅಲ್ಲಿಗೇ. ಸಾಮಾನ್ಯವಾಗಿ ಸೆಳೆತದ ವೇಗ ಸೆಕೆಂಡಿಗೆ ಅರ್ಧ ಮೀಟರಿನಷ್ಟು, ಬಲವಾದಾಗ ಎರಡು ಮೀಟರನ್ನೂ ಮೀರುತ್ತದೆ. ನುರಿತ ಈಜುಗಾರನಿಗೂ ಅದನ್ನು ಎದುರಿಸಿ ದಡ ಸೇರಲಾಗದು.

ಸೆಳೆತ ಮನುಷ್ಯನನ್ನು ಕೆಳಕ್ಕೆ ಎಳೆಯುತ್ತದೆ ಎಂಬುದೂ ತಪ್ಪು. ಅದು ಎಳೆಯುವುದು ದಡದಿಂದ ದೂರಕ್ಕೆ. ಮುಳುಗಿಸುವುದು ದಣಿವು ಮತ್ತು ಗಾಬರಿ. ಸಿಕ್ಕಿಕೊಂಡವರು ದಡದತ್ತ ಗುದ್ದಾಡದೆ ತೇಲುತ್ತಿದ್ದು, ದಡಕ್ಕೆ ಸಮಾನಾಂತರವಾಗಿ ಬದಿಗೆ ಈಜಿ ಪಟ್ಟೆಯಿಂದ ಹೊರಬಂದು, ಆಮೇಲೆ ದಡದ ಕಡೆ ತಿರುಗಬೇಕು. ಅದೂ ಆಗದಿದ್ದರೆ ತೇಲುತ್ತಲೇ ಕೈಯೆತ್ತಿ ಕೂಗಬೇಕು. ಒಬ್ಬರೇ ಬಂದವರ ಕೂಗು ಯಾರ ಕಿವಿಗಾದರೂ ಬೀಳಬೇಕಾದರೆ ಜೀವರಕ್ಷಕರಿರುವ ಬೀಚಿನಲ್ಲಿ, ಹಗಲಲ್ಲಿ ಮಾತ್ರ ನೀರಿಗಿಳಿಯಬೇಕು. ನಿರ್ಜನ ಬೀಚು ಕೂರಲು ಚೆಂದ, ಈಜಲು ಅಲ್ಲ. ತುರ್ತಿಗೆ 112 ಇದೆಯಾದರೂ ಗುಡ್ಡಗಳ ನಡುವಿನ ಕೊಲ್ಲಿಗಳಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ.

ಬಂಡೆ ಹತ್ತಿಳಿದು ಒಂದು ಕೊಲ್ಲಿಯಿಂದ ಇನ್ನೊಂದಕ್ಕೆ ಹೋಗುವವರಿಗೆ ಭರತ ಇಳಿತಗಳ ಅರಿವಿರಬೇಕು. ದಿನಕ್ಕೆ ಎರಡು ಸಲ ನೀರೇರುತ್ತದೆ, ಮರುದಿನ ಸುಮಾರು 50 ನಿಮಿಷ ತಡವಾಗಿ. ನಿನ್ನೆ ಐದು ಗಂಟೆಗೆ ಒಣಗಿದ್ದ ಬಂಡೆ ನಾಲ್ಕು ದಿನ ಬಿಟ್ಟು ಅದೇ ಐದಕ್ಕೆ ನೀರಿನಲ್ಲಿರಬಹುದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಸೂರ್ಯ ಮುಳುಗಿದ ಮೇಲೆ ಇಲ್ಲಿ ಬೆಳಕು ಬಹಳ ಹೊತ್ತು ಉಳಿಯುವುದಿಲ್ಲ, ಅರ್ಧ ಗಂಟೆಯೊಳಗೆ ಕಾಲುದಾರಿ ಕಾಣದಾಗುತ್ತದೆ. ಹಾಫ್ ಮೂನ್‌ನಲ್ಲಿ ಸೂರ್ಯಾಸ್ತ ನೋಡುವವರ ಬಳಿ ಟಾರ್ಚ್ ಇರಲೇಬೇಕು.

“ಮಳೆಗಾಲದಲ್ಲಿ ಗೋಕರ್ಣ ದಂಡ”

ಈಜುವ ಆಸೆಗೆ ದಂಡವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲನ್ನು ನೋಡಬಹುದು, ಮುಟ್ಟುವಂತಿಲ್ಲ. ಗುಡ್ಡದ ದಾರಿಯ ಮುರಕಲ್ಲು ಪಾಚಿ ಕಟ್ಟಿ ಜಾರುತ್ತದೆ, ದಂಡೆಯ ಗುಡಿಸಲು ಹೋಟೆಲುಗಳಲ್ಲಿ ಹಲವು ಬಾಗಿಲು ಹಾಕಿರುತ್ತವೆ. ಆದರೆ ಹಸುರು ತುಂಬಿದ ಗುಡ್ಡ, ಜನವಿಲ್ಲದ ರಥಬೀದಿ, ಬಿಸಿ ಸಾರಿನ ಊಟ ಬಯಸುವ ಒಂಟಿ ಪ್ರಯಾಣಿಕರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆಗಸ್ಟ್ 1ರಿಂದ ಯಾಂತ್ರೀಕೃತ ದೋಣಿಗಳು ಮತ್ತೆ ಕಡಲಿಗಿಳಿಯುತ್ತವೆ, ಬೀಚಿನ ಹೋಟೆಲುಗಳು ತೆರೆದುಕೊಳ್ಳುವುದು ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ಹೊತ್ತಿಗೆ. ಅಲ್ಲಿಯವರೆಗೆ ಊಟಕ್ಕೆ ಪೇಟೆಯೇ ಗತಿ.