ಹಾಡು ಎಲ್ಲಿದೆ? ‘ಶಬ್ದ’ ಪಾಠದಲ್ಲಿ ಎದ್ದ ಒಂದು ಪ್ರಶ್ನೆ

ಬೋಧನಾಭ್ಯಾಸದ ಎರಡನೇ ವಾರ ಮಧುವನಹಳ್ಳಿಗೆ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ 8ನೇ ತರಗತಿಗೆ ‘ಶಬ್ದ’ ಘಟಕವನ್ನು ಬೋಧಿಸಬೇಕಿತ್ತು. ಕಂಪಿಸುವ ವಸ್ತುವಿನಿಂದ ಶಬ್ದ ಹುಟ್ಟುತ್ತದೆ ಎಂಬುದಕ್ಕೆ ಮಕ್ಕಳಿಗೆ ಚಿರಪರಿಚಿತವಾದ ಕಂಸಾಳೆಯ ನಾದವನ್ನೇ ಪ್ರೇರಣಾ ಹಂತಕ್ಕೆ ಆರಿಸಿಕೊಂಡೆ. ಸಂಗೀತದ ಆ್ಯಪ್ ಒಂದರಲ್ಲಿ ಮಾದೇಶ್ವರನ ಹಾಡು ಹುಡುಕಿ, ‘ಡೌನ್‌ಲೋಡ್’ ಒತ್ತಿ, ಸ್ಪೀಕರ್ ಹಿಡಿದು ತರಗತಿಗೆ ಹೋದೆ. ಹಾಡು ಬರಲಿಲ್ಲ. ಹಿಂದಿನ ದಿನವೇ ನನ್ನ ಚಂದಾ ಮುಗಿದಿತ್ತು. ತರಗತಿಯಲ್ಲಿ ನೆಟ್‌ವರ್ಕ್ ಕೂಡ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ವೀಕ್ಷಣಾ ಪತ್ರ ತುಂಬುತ್ತಿದ್ದರು.

ಆಗ ಒಬ್ಬ ಹುಡುಗ ಕೇಳಿದ: “ಮಿಸ್, ಡೌನ್‌ಲೋಡ್ ಮಾಡಿದ್ಮೇಲೆ ನಮ್ದೇ ಅಲ್ವಾ?” ನನಗೂ ಹಾಗೆಯೇ ಅನ್ನಿಸಿತ್ತು. ಮಗುವಿನದು ಎಂದುಕೊಂಡ ತಪ್ಪು ಪರಿಕಲ್ಪನೆ ಶಿಕ್ಷಕಿಯದೂ ಆಗಿತ್ತು. ಅದನ್ನು ತಿದ್ದಿಕೊಂಡ ಬಗೆಯನ್ನು ಸಹಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ವಿವರಿಸಿದ್ದೇನೆ.

ಮೂರು ಬಗೆ

ಒಂದು, ಸ್ಟ್ರೀಮಿಂಗ್. ಹಾಡು ದೂರದ ಸರ್ವರ್‌ನಲ್ಲಿರುತ್ತದೆ. ಸಣ್ಣ ಸಣ್ಣ ತುಣುಕುಗಳಾಗಿ ಫೋನಿಗೆ ಬರುತ್ತದೆ; ಮುಂದಿನ ಕೆಲವು ಸೆಕೆಂಡುಗಳ ಭಾಗ ಮೊದಲೇ ಬಂದು ಕಾದಿರುತ್ತದೆ. ನೆಟ್ ನಿಂತರೆ ಆ ದಾಸ್ತಾನು ಮುಗಿಯುವವರೆಗೆ ಮಾತ್ರ ಹಾಡು ಕೇಳುತ್ತದೆ.

ಎರಡು, ಆ್ಯಪ್‌ನೊಳಗಿನ ಡೌನ್‌ಲೋಡ್. ಹಾಡು ಫೋನಿನಲ್ಲಿಯೇ ಇರುತ್ತದೆ, ಆದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಬೀಗದ ಕೈ ಆ್ಯಪ್ ಬಳಿ ಇರುತ್ತದೆ. ಸ್ಪಾಟಿಫೈನಂಥ ಸೇವೆಯಲ್ಲಿ 30 ದಿನಕ್ಕೆ ಒಮ್ಮೆಯಾದರೂ ನೆಟ್‌ಗೆ ಬರಬೇಕು. ಇಲ್ಲವಾದರೆ ಇಳಿಸಿಕೊಂಡ ಹಾಡು ಸಿಗದು. ಚಂದಾ ಮುಗಿದರೂ ಅಷ್ಟೇ. ನನ್ನ ತರಗತಿಯಲ್ಲಿ ಆದದ್ದು ಇದು.

ಮೂರು, ಸ್ವಂತ ಕಡತ. ಎಂಪಿ3ಯಂಥ ಕಡತವನ್ನು ಮೆಮೊರಿ ಕಾರ್ಡ್, ಪೆನ್‌ಡ್ರೈವ್, ಕಂಪ್ಯೂಟರ್ ಯಾವುದರಲ್ಲಾದರೂ ಇಡಬಹುದು, ಯಾವ ಪ್ಲೇಯರ್‌ನಲ್ಲಾದರೂ ಕೇಳಬಹುದು. ಯಾರ ಅಪ್ಪಣೆಯೂ ಬೇಡ. ಆದರೆ ಕಾಪಾಡುವ ಹೊಣೆಯೂ ನಮ್ಮದೇ.

ಕಪ್ಪುಹಲಗೆಯ ಮೇಲೆ ಲೆಕ್ಕ

ಮರುದಿನ ಇದನ್ನೇ ಪಾಠಕ್ಕೆ ಜೋಡಿಸಿದೆ. ಮನುಷ್ಯನ ಕಿವಿಗೆ ಕೇಳುವುದು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಶಬ್ದ ಎಂದು ಪಠ್ಯದಲ್ಲಿದೆ. ಶಬ್ದವನ್ನು ಅಂಕಿಗಳಾಗಿಸಲು ಅತಿ ಹೆಚ್ಚಿನ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅದನ್ನು ಅಳೆಯಬೇಕು. ಅದಕ್ಕೇ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳು. ಒಂದೊಂದಕ್ಕೆ 16 ಬಿಟ್, ಎಡ–ಬಲ ಎರಡು ವಾಹಿನಿ: 44,100 × 16 × 2 = ಸೆಕೆಂಡಿಗೆ 14,11,200 ಬಿಟ್. 5 ನಿಮಿಷದ ಹಾಡಿಗೆ ಸುಮಾರು 53 ಎಂಬಿ ಬೇಕು.

ಎಂಪಿ3 ವಿಧಾನವು ಕಿವಿ ಗುರುತಿಸಲಾರದ ಅಂಶಗಳನ್ನು ಬಿಟ್ಟು ಕಡತವನ್ನು ಕಿರಿದಾಗಿಸುತ್ತದೆ. 128 ಕೆಬಿಪಿಎಸ್‌ನಲ್ಲಿ ಅದೇ ಹಾಡು 1,28,000 × 300 ÷ 8 = 48,00,000 ಬೈಟ್, ಅಂದರೆ 4.8 ಎಂಬಿ. ಎಂಟು ಗಂಟೆ ನಡೆಯುವ ಇಡೀ ರಾತ್ರಿಯ ಕಥೆಗೆ ಸುಮಾರು 461 ಎಂಬಿ ಸಾಕು. 16 ಜಿಬಿ ಕಾರ್ಡಿನಲ್ಲಿ ಇಂಥ ಮೂವತ್ತು ರಾತ್ರಿಗಳು ಹಿಡಿಯುತ್ತವೆ ಎಂದಾಗ ತರಗತಿಯಲ್ಲಿ ಗದ್ದಲವೇ ಎದ್ದಿತು. ಬಿಟ್–ಬೈಟ್ ವ್ಯತ್ಯಾಸ (8 ಬಿಟ್ = 1 ಬೈಟ್) ಮೊದಲೇ ಹೇಳದಿದ್ದರೆ ಮಕ್ಕಳು 8ರಿಂದ ಭಾಗಿಸುವುದನ್ನು ಮರೆಯುತ್ತಾರೆ; ನನ್ನ ತರಗತಿಯಲ್ಲಿ ಹಲವರು ಮರೆತರು.

ಯಾವುದು ಮೇಲು?

ಸ್ಟ್ರೀಮಿಂಗ್‌ನ ಉಪಕಾರ ಸಣ್ಣದಲ್ಲ. ಕಡಿಮೆ ಖರ್ಚಿನಲ್ಲಿ ಲಕ್ಷಾಂತರ ಹಾಡುಗಳು, ಹುಡುಕಿದ ತಕ್ಷಣ ಸಿಗುವ ಅನುಕೂಲ, ಹಕ್ಕುದಾರರಿಗೆ ಒಂದಿಷ್ಟು ಸಂಭಾವನೆ. ಅಂಗಡಿಯಲ್ಲಿ ಕಾರ್ಡ್ ತುಂಬಿಸಿಕೊಳ್ಳುತ್ತಿದ್ದ ಕಾಲದಲ್ಲಿ ಹಕ್ಕುಸ್ವಾಮ್ಯದ ಮಾತೇ ಇರಲಿಲ್ಲ. ಅದನ್ನು ಮಕ್ಕಳಿಗೆ ಮಾದರಿಯಾಗಿ ತೋರಿಸುವಂತಿಲ್ಲ.

ಆದರೆ ಆ ಸಂಗ್ರಹ ನಮ್ಮ ಕೈಯಲ್ಲಿಲ್ಲ. 2020ರ ಕೊನೆಗೆ ಗೂಗಲ್ ಪ್ಲೇ ಮ್ಯೂಸಿಕ್ ನಿಂತಿತು. 2023ರ ಮಾರ್ಚ್‌ನಲ್ಲಿ ಒಪ್ಪಂದ ಮುಗಿದು ಝೀ ಮ್ಯೂಸಿಕ್‌ನ ಹಾಡುಗಳು ಸ್ಪಾಟಿಫೈನಿಂದ ಮರೆಯಾಗಿದ್ದವು. 2024ರ ಜನವರಿಯಲ್ಲಿ ರೆಸ್ಸೊ ಭಾರತದಲ್ಲಿ ಮುಚ್ಚಿತು. ಅದೇ ವರ್ಷ ವಿಂಕ್ ಮ್ಯೂಸಿಕ್ ಮುಚ್ಚುವ ನಿರ್ಧಾರ ಹೊರಬಿತ್ತು. ಪಟ್ಟಿ ಮಾಡಿಟ್ಟುಕೊಂಡ ಕೇಳುಗರಿಗೆ ಇದರಲ್ಲಿ ಯಾವ ಮಾತೂ ಇರಲಿಲ್ಲ.

ಆ್ಯಪ್‌ನಲ್ಲಿಲ್ಲದ ಹಾಡು

ಅದೇ ಹುಡುಗ ಮರುದಿನ ಇನ್ನೊಂದು ಪ್ರಶ್ನೆ ತಂದ: “ನಮ್ ತಾತ ಹಾಡಿರೋದು ಯಾಕೆ ಆ್ಯಪ್‌ನಲ್ಲಿ ಬರಲ್ಲ ಮಿಸ್?” ಅವನ ಅಂಗೈಯಲ್ಲಿ ಕಾಗದದಲ್ಲಿ ಸುತ್ತಿದ ಮೆಮೊರಿ ಕಾರ್ಡ್ ಇತ್ತು. ತಾತ ದೇವರಗುಡ್ಡರು, ತೀರಿಕೊಂಡು ಮೂರು ವರ್ಷ. ಹಳೆಯ ಕೀಪ್ಯಾಡ್ ಫೋನಿನಲ್ಲಿ ಮನೆಯವರು ಮಾಡಿಕೊಂಡ ರೆಕಾರ್ಡಿಂಗ್ ಅದು. ಬೇರೆ ಪ್ರತಿ ಇರಲಿಲ್ಲ.

ನಮ್ಮ ಸೀಮೆಯಲ್ಲಿ ಕಂಸಾಳೆ ಹಿಡಿದು ಮಾದೇಶ್ವರನ ಕಥೆ ಹಾಡುವ ದೇವರಗುಡ್ಡರೂ ತಂಬೂರಿ ಮೀಟಿ ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆ ಹಾಡುವ ನೀಲಗಾರರೂ ಇದ್ದಾರೆ. ಕ್ಯಾಸೆಟ್ ಕಂಪನಿಗಳು ಮುದ್ರಿಸಿದ ಹಾಡುಗಳು ಆ್ಯಪ್‌ಗೆ ಏರಿವೆ. ಮನೆಯಂಗಳದಲ್ಲಿ, ಜಾತ್ರೆಯಲ್ಲಿ, ಹರಕೆಯ ರಾತ್ರಿಯಲ್ಲಿ ಹಾಡಿದ್ದನ್ನು ಯಾರಾದರೂ ಏರಿಸಿದರೆ ಮಾತ್ರ ಅಲ್ಲಿ ಸಿಗುತ್ತದೆ. ಸಿನಿಮಾ ಹಾಡು ಒಂದು ಆ್ಯಪ್‌ನಿಂದ ಹೋದರೆ ಇನ್ನೊಂದರಲ್ಲಿ ಸಿಕ್ಕೀತು. ಈ ಕಾರ್ಡ್ ಕೆಟ್ಟರೆ ಆ ತಾತನ ದನಿ ಮತ್ತೆಲ್ಲಿಯೂ ಸಿಗದು.

ಕಾರ್ಡ್ ರೀಡರ್ ತಂದು, ಹುಡುಗನ ತಾಯಿಯ ಒಪ್ಪಿಗೆ ಪಡೆದು, ಶಾಲೆಯ ಕಂಪ್ಯೂಟರಿನಲ್ಲಿ ಒಂದು, ಅವರಿಗೆ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಮಾಡಿದೆವು. ಕಡತಕ್ಕೆ ಹಾಡಿದವರ ಹೆಸರು, ಊರು, ಅಂದಾಜು ವರ್ಷ ಬರೆದವನು ಆ ಹುಡುಗನೇ. ಆ ದಿನದ ಪ್ರೇರಣಾ ಹಂತಕ್ಕೆ ಆ ಕಂಸಾಳೆಯೇ ಆಯಿತು.

ಪ್ರಶಿಕ್ಷಣಾರ್ಥಿಗಳಿಗೆ

1. ಪಾಠಕ್ಕೆ ಬೇಕಾದ ಧ್ವನಿ ಕಡತರೂಪದಲ್ಲಿರಲಿ. ಹಿಂದಿನ ದಿನ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ಪರೀಕ್ಷಿಸಿ.
2. ಸುಲಭವಾಗಿ ಸಿಗುವ ಹಾಡನ್ನು ಸ್ಟ್ರೀಮಿಂಗ್‌ನಲ್ಲಿ ಕೇಳಿ. ಬೇರೆಲ್ಲೂ ಸಿಗದ್ದನ್ನು ಸ್ವಂತ ಸಂಗ್ರಹದಲ್ಲಿಡಿ.
3. ಒಂದೇ ಪ್ರತಿ ಇದ್ದರೆ ಇಲ್ಲವೆಂದೇ ಎಣಿಸಿ. ಕನಿಷ್ಠ ಎರಡು ಸಾಧನಗಳಲ್ಲಿ, ಎರಡು ಜಾಗಗಳಲ್ಲಿಡಿ.
4. ಹಾಡಿದವರ ಅಥವಾ ಮನೆಯವರ ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡಬೇಡಿ, ಹಂಚಬೇಡಿ.

ಘಟಕದ ಕೊನೆಯ ಮೌಲ್ಯಮಾಪನದಲ್ಲಿ ಒಂದು ಪ್ರಶ್ನೆ ಸೇರಿಸಿದ್ದೆ: “ನಿಮ್ಮ ಮನೆಯ ಫೋನಿನಲ್ಲಿರುವ ಯಾವ ಧ್ವನಿ ಬೇರೆಲ್ಲೂ ಸಿಗುವುದಿಲ್ಲ?” ಅಜ್ಜಿಯ ಸೋಬಾನೆ, ಅಪ್ಪ ಕಳಿಸಿದ ಧ್ವನಿಸಂದೇಶ, ತಂಗಿಯ ಮೊದಲ ಮಾತು ಎಂದೆಲ್ಲ ಬರೆದಿದ್ದರು. ಉತ್ತರವನ್ನು ಖಾಲಿ ಬಿಟ್ಟವರು ಒಬ್ಬರೂ ಇರಲಿಲ್ಲ.