ಅಂದ್ರೆಯ ಎಂಬ ಹೆಸರು

ಇಟಲಿಯ ಕಲೆಯ ಚರಿತ್ರೆಯನ್ನು ಓದತೊಡಗಿದ ಶ್ರೋತೃಗಳಿಗೆ ಅಂದ್ರೆಯ ಎಂಬ ಹೆಸರು ಮತ್ತೆ ಮತ್ತೆ ಎದುರಾಗಿರಬೇಕು. ಚಿತ್ರಕಾರ ಮಾಂತೆನ್ಯನು ಅಂದ್ರೆಯ. ದರ್ಜಿಯ ಮಗನಾದುದರಿಂದ ‘ದೆಲ್ ಸಾರ್ತೊ’ ಎನಿಸಿಕೊಂಡ ಫ್ಲಾರೆನ್ಸಿನ ಕಲಾವಿದನೂ ಅಂದ್ರೆಯ. ಶಿಲ್ಪಿ ಪಲ್ಲಾದಿಯೊ, ಜಿನೋವದ ನೌಕಾಧಿಪತಿ ದೋರಿಯ, ಇವರೂ ಅಂದ್ರೆಯರೇ. ಉಚ್ಚರಿಸುವಾಗ ಒತ್ತು ನಡುವಣ ಅಕ್ಷರದ ಮೇಲೆ ಬೀಳಬೇಕು.

ಈ ಹೆಸರು ಇಟಲಿಯಲ್ಲಿ ಹುಟ್ಟಿದುದಲ್ಲ. ಗ್ರೀಕ್ ಭಾಷೆಯಲ್ಲಿ ‘ಅನೇರ್’ ಎಂದರೆ ಗಂಡಸು. ಷಷ್ಠೀ ವಿಭಕ್ತಿಯಲ್ಲಿ ಅದು ‘ಅಂದ್ರೋಸ್’ ಆಗುತ್ತದೆ. ಅದರಿಂದ ಬಂದ ‘ಅಂದ್ರೆಯಾಸ್’ ಎಂಬುದಕ್ಕೆ ಪೌರುಷವುಳ್ಳವನು ಎಂದರ್ಥ. ನಮ್ಮ ‘ನೃ’, ‘ನರ’ ಶಬ್ದಗಳೂ ಈ ‘ಅನೇರ್’ ಶಬ್ದವೂ ಒಂದೇ ಮೂಲದಿಂದ ಕವಲೊಡೆದವುಗಳೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ದಕಾರವು ನಕಾರ ರೇಫಗಳೆರಡರ ನಡುವೆ ಉಚ್ಚಾರಣೆಯ ಸೌಕರ್ಯಕ್ಕಾಗಿ ನುಸುಳಿಕೊಂಡದ್ದು. ಅದನ್ನು ತೆಗೆದುಬಿಟ್ಟರೆ ನೆಂಟಸ್ತನವು ಕಣ್ಣಿಗೇ ಕಾಣುತ್ತದೆ. ಏಸುವಿನ ಶಿಷ್ಯನೂ ಪೇತ್ರನ ಸೋದರನೂ ಆದವನ ಹೆಸರಾಗಿ ಇದು ಯೂರೋಪಿನಲ್ಲೆಲ್ಲ ಹರಡಿತು. ಕನ್ನಡ ಬೈಬಲ್ಲಿನಲ್ಲಿ ನಾವು ಕಾಣುವ ಅಂದ್ರೆಯನು ಇವನೇ. ಅವನ ಹಬ್ಬ ನವೆಂಬರ್ 30. ಇಟಲಿಯಲ್ಲಿ ಆ ಹೆಸರಿನವರಿಗೆಲ್ಲ ಅಂದು ನಾಮೋತ್ಸವ.

ತೊಡಕು ಇರುವುದು ಕೊನೆಯ ಸ್ವರದಲ್ಲಿ. ಇಟಾಲಿಯನ್ ಭಾಷೆಯಲ್ಲಿ ಒಕಾರಾಂತ ನಾಮಗಳು ಸಾಮಾನ್ಯವಾಗಿ ಪುರುಷರವು, ಅಕಾರಾಂತಗಳು ಸ್ತ್ರೀಯರವು. ಗ್ರೀಕಿನ ಕೊನೆಯ ಸಕಾರವು ಬಿದ್ದುಹೋಗಲು, ‘ಪೌರುಷವುಳ್ಳವನು’ ಎಂಬರ್ಥದ ಹೆಸರೇ ಹೆಣ್ಣಿನ ಹೆಸರಿನ ರೂಪವನ್ನು ತಾಳಿತು! ಲೂಕ, ನಿಕೋಲ, ಮತ್ತೀಯ ಮುಂತಾದವುಗಳ ಗತಿಯೂ ಇದೇ. ಇಂಗ್ಲೆಂಡ್, ಜರ್ಮನಿ, ಸ್ಪೇನ್ ದೇಶಗಳಲ್ಲಂತೂ ಅಂದ್ರೆಯ ಎಂದರೆ ಹೆಂಗಸೇ.

ಇಟಲಿಯಲ್ಲಿ ಇದು ನ್ಯಾಯಸ್ಥಾನದ ಮೆಟ್ಟಿಲನ್ನೂ ಹತ್ತಿತು. ಮಗುವಿನ ಹೆಸರು ಅದರ ಲಿಂಗಕ್ಕೆ ಅನುಗುಣವಾಗಿರತಕ್ಕದ್ದೆಂದು 2000ನೆಯ ಇಸವಿಯ ನಿಬಂಧನೆಯು ವಿಧಿಸುತ್ತದೆ. ಹೆಣ್ಣುಮಗುವಿಗೆ ಅಂದ್ರೆಯ ಎಂದು ಹೆಸರಿಟ್ಟ ತಂದೆತಾಯಿಗಳಿಗೆ ಅಧಿಕಾರಿಗಳು ಅಡ್ಡಿಮಾಡಲು, ವ್ಯಾಜ್ಯವು ರೋಮಿನ ಅತ್ಯುಚ್ಚ ನ್ಯಾಯಸ್ಥಾನದವರೆಗೆ ಹೋಯಿತು. ಅನ್ಯದೇಶಗಳಲ್ಲಿ ಅದು ಸ್ತ್ರೀನಾಮವಾಗಿರುವಾಗ, ಹೆಣ್ಣಿಗಿಟ್ಟ ಮಾತ್ರಕ್ಕೆ ಅದು ಹಾಸ್ಯಾಸ್ಪದವೂ ಅಲ್ಲ, ಭ್ರಮೆ ಹುಟ್ಟಿಸುವಂಥದೂ ಅಲ್ಲವೆಂದು 2012ರ ನವೆಂಬರಿನಲ್ಲಿ ತೀರ್ಪಾಯಿತು. ತಂದೆತಾಯಿಗಳ ಒಲವನ್ನು ವ್ಯಾಕರಣದಿಂದ ತಡೆಯಹೊರಟುದು ನಮಗೆ ಅತಿಯೆಂದೇ ತೋರುತ್ತದೆ. ಆದರೂ ಇಟಲಿಯಲ್ಲಿ ಈ ಹೆಸರಿನವರಲ್ಲಿ ಬಹುಪಾಲು ಜನ ಗಂಡಸರೇ.

ಹೆಸರೊಂದನ್ನೇ ಕಂಡು ವ್ಯಕ್ತಿಯು ಯಾರೆಂದು ನಿರ್ಧರಿಸಲಾಗದಿದ್ದಾಗ ಕ್ರಿಯಾಪದವು ನೆರವಿಗೆ ಬರುತ್ತದೆ. ‘ಅಂದಾತೊ’ ಎಂದಿದ್ದರೆ ಅಂದ್ರೆಯ ಹೋದನು. ‘ಅಂದಾತ’ ಎಂದಿದ್ದರೆ ಅಂದ್ರೆಯ ಹೋದಳು.