ಮಣ್ಣಿನ ಪೊಟ್ಯಾಷ್ ಮತ್ತು ಅರಣ್ಯದ ಆರೋಗ್ಯ: ಸಾರ್ವಜನಿಕರಿಗೆ ಮಾಹಿತಿ

ಸಾರಜನಕ, ರಂಜಕ ಹಾಗೂ ಪೊಟ್ಯಾಷ್ ಮರಗಳಿಗೆ ಅಗತ್ಯವಾದ ಪ್ರಧಾನ ಪೋಷಕಾಂಶಗಳಾಗಿವೆ. ಎಲೆಗಳ ಪತ್ರರಂಧ್ರಗಳು ತೆರೆದು ಮುಚ್ಚುವ ಕ್ರಿಯೆಯನ್ನು ಪೊಟ್ಯಾಷ್ ನಿಯಂತ್ರಿಸುವುದರಿಂದ, ಒಣ ಪ್ರದೇಶದ ಅರಣ್ಯಗಳಲ್ಲಿ ಇದರ ಕೊರತೆಯು ಮರಗಳ ಉಳಿವಿಗೇ ಧಕ್ಕೆ ತರಬಲ್ಲದು. ಅಮೆರಿಕದ ವಾಯವ್ಯ ಒಳನಾಡಿನ ಸಮಶೀತೋಷ್ಣ ಅರಣ್ಯಗಳು ಇದಕ್ಕೆ ನಿದರ್ಶನವಾಗಿವೆ.

ಅಧ್ಯಯನದಿಂದ ತಿಳಿದುಬಂದ ಅಂಶ

ಐಡಹೊ ವಿಶ್ವವಿದ್ಯಾಲಯದ ಆಶ್ರಯದಲ್ಲಿ 1980ರಲ್ಲಿ ಆರಂಭವಾದ ವೃಕ್ಷ ಪೋಷಣಾ ಸಹಕಾರಿ ಯೋಜನೆಯಡಿ ಡಗ್ಲಾಸ್ ಫರ್ ಮರಗಳಿಗೆ ಸಾರಜನಕ ಗೊಬ್ಬರ ನೀಡಿ ಪರೀಕ್ಷಿಸಲಾಯಿತು. ಎಲೆಗಳಲ್ಲಿ ಪೊಟ್ಯಾಷ್ ಸಾಕಷ್ಟಿದ್ದ ಕಡೆ ಬೆಳವಣಿಗೆ ಹೆಚ್ಚಿತು. ಕೊರತೆಯಿದ್ದ ಕಡೆ ಬೆಳವಣಿಗೆ ಅಲ್ಪವಾಗಿದ್ದು, ಹೆಚ್ಚು ಮರಗಳು ಸತ್ತವು. ಸಾರಜನಕ ಅಧಿಕವಾಗಿ ಪೊಟ್ಯಾಷ್ ಕಡಿಮೆಯಾದಾಗ ಬೇರಿನಲ್ಲಿ ರೋಗನಿರೋಧಕ ಫಿನಾಲ್ ಸಂಯುಕ್ತಗಳು ಕುಗ್ಗುತ್ತವೆ. ಇದರಿಂದ ಬೇರು ಕೊಳೆಸುವ ಆರ್ಮಿಲೇರಿಯಾ ಶಿಲೀಂಧ್ರದ ಬಾಧೆಗೆ ಅನುಕೂಲವಾಗುತ್ತದೆ.

ಪೊಟ್ಯಾಷ್‌ನ ಮೂಲ ಮತ್ತು ನಷ್ಟ

1. ಫೆಲ್ಡ್‌ಸ್ಪಾರ್, ಅಭ್ರಕ ಮುಂತಾದ ಖನಿಜಗಳು ನಿಧಾನವಾಗಿ ಶಿಥಿಲಗೊಂಡು ಮಣ್ಣಿಗೆ ಪೊಟ್ಯಾಷ್ ಒದಗಿಸುತ್ತವೆ. ಬೆಣಚುಕಲ್ಲು ಪ್ರಧಾನವಾದ ಶಿಲೆಗಳಿಂದ ದೊರೆಯುವ ಪ್ರಮಾಣ ಅತ್ಯಲ್ಪ.
2. ಎಲೆ ಹಾಗೂ ಕಿರುಕೊಂಬೆಗಳಲ್ಲಿ ಪೊಟ್ಯಾಷ್ ಸಾಂದ್ರತೆಯು ಕಾಂಡದ ಕಟ್ಟಿಗೆಗಿಂತ ಹೆಚ್ಚು. ಕಟಾವಿನ ನಂತರ ಇವನ್ನೂ ಸಾಗಿಸಿದಲ್ಲಿ ನಷ್ಟ ಅಧಿಕ.
3. ಪೊಟ್ಯಾಷ್ ಜೀವಕೋಶದ ರಚನೆಯಲ್ಲಿ ಬಂಧಿತವಾಗಿರದೆ ನೀರಿನಲ್ಲಿ ಕರಗಿದ ರೂಪದಲ್ಲಿರುತ್ತದೆ. ಆದ್ದರಿಂದ ಕಡಿದ ಸೊಪ್ಪುಸದೆಯನ್ನು ಒಂದು ಚಳಿಗಾಲ ನೆಲದಲ್ಲಿಯೇ ಬಿಟ್ಟಲ್ಲಿ, ಮಳೆ ಮತ್ತು ಹಿಮದ ನೀರಿನೊಡನೆ ಅದರ ಬಹುಭಾಗ ಮಣ್ಣಿಗೆ ಮರಳುತ್ತದೆ. ಆ ನಂತರವೇ ತ್ಯಾಜ್ಯವನ್ನು ಸುಡುವುದು ಅಥವಾ ಸಾಗಿಸುವುದು ಸೂಕ್ತವೆಂದು ಅಲ್ಲಿ ಸಲಹೆ ನೀಡಲಾಗಿದೆ.

ಮರ ಬೆಳೆಸುವವರ ಗಮನಕ್ಕೆ

ನಮ್ಮ ರಾಜ್ಯದ ಮಣ್ಣು, ಹವಾಮಾನ ಹಾಗೂ ವೃಕ್ಷಜಾತಿಗಳು ಭಿನ್ನವಾಗಿರುವುದರಿಂದ ಅಲ್ಲಿನ ಗೊಬ್ಬರದ ಪ್ರಮಾಣಗಳು ಇಲ್ಲಿಗೆ ಅನ್ವಯಿಸುವುದಿಲ್ಲ. ಆದರೆ ಮಣ್ಣನ್ನು ಪರೀಕ್ಷಿಸದೆ ಕೇವಲ ಯೂರಿಯಾ ನೀಡುವುದು ತರವಲ್ಲ ಎಂಬುದು ಇಲ್ಲಿಯೂ ಸಲ್ಲುವ ಮಾತು. 2015ರಲ್ಲಿ ಜಾರಿಗೆ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ ನಮೂದಿಸುವ 12 ಅಂಶಗಳಲ್ಲಿ ಪೊಟ್ಯಾಷ್ ಸಹ ಒಂದಾಗಿದೆ. ಜಮೀನಿನಲ್ಲಿ ಮರ ಬೆಳೆಸಲಿಚ್ಛಿಸುವ ರೈತರು ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ, ಫಲಿತಾಂಶದ ಅನುಸಾರ ಗೊಬ್ಬರ ಬಳಸಬೇಕೆಂದು ಹಾಗೂ ಸೊಪ್ಪುಸದೆಯನ್ನು ಸುಡದೆ ಮಣ್ಣಿಗೆ ಸೇರಿಸಬೇಕೆಂದು ಕೋರಲಾಗಿದೆ.